ಅದೂ ಎಂಟೇ

ಆಸ್ಪತ್ರೆಯ ಸಿಸ್ಟರ್ ಮೂರನೆಯ ಸಲ ಫೋನು ಮಾಡಿ ಪತ್ರ ಬರೆದಿರಾ ಎಂದು ಕೇಳಿದಾಗ ಅವನು ಕಚೇರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ. ಬರೀತಾ ಇದೀನಿ ಎಂದ. ಅದು ಸುಳ್ಳೇನೂ ಅಲ್ಲ. ಹದಿನಾಲ್ಕು ತಿಂಗಳಿಂದ ಬರೆಯುತ್ತಲೇ ಇದ್ದ. ಕಿಡ್ನಿ ಕೊಟ್ಟವರು ಯಾರೆಂದು ಅವನಿಗೆ ಹೇಳುವಂತಿಲ್ಲ, ಅದು ಯಾರಿಗೆ ಹೋಯಿತೆಂದು ಅವರಿಗೂ ಹೇಳುವಂತಿಲ್ಲ. ಹೆಸರು, ಊರು ಹಾಕದೆ ನಾಲ್ಕು ಸಾಲು ಬರೆದುಕೊಟ್ಟರೆ ಆ ಮನೆಯವರಿಗೆ ತಾನೇ ತಲುಪಿಸುತ್ತೇನೆ ಎಂದು ಸಿಸ್ಟರ್ ಆಪರೇಷನ್ನಿನ ತಿಂಗಳಲ್ಲೇ ಹೇಳಿದ್ದಳು. ವಾಹನ ಪರವಾನಗಿ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಇನ್ಸ್‌ಪೆಕ್ಟರಾಗಿ ವರದಿ, ನೋಟೀಸು, ಜ್ಞಾಪನ ಎಂದು ರೀಮುಗಟ್ಟಲೆ ಬರೆದವನಿಗೆ ನಾಲ್ಕು ಸಾಲು ಯಾವ ಮಹಾ? ಆದರೆ ಪೆನ್ನು ಹಿಡಿದರೆ ಕೈ ತನ್ನಷ್ಟಕ್ಕೆ ತಾನೇ ‘ಮಾನ್ಯರೇ’ ಎಂದು ಬರೆದು, ಅದರ ಕೆಳಗೆ ‘ವಿಷಯ: ಮೂತ್ರಪಿಂಡ ಸ್ವೀಕೃತಿಯ ಬಗ್ಗೆ’ ಎಂದು ಬರೆದು ಗೆರೆ ಎಳೆದು, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎನ್ನುವಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಹೆಂಡತಿ ಒಮ್ಮೆ ಆ ಹಾಳೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, ನಗುತ್ತಿದ್ದ ಹಾಗೆಯೇ ಅತ್ತು, ಥ್ಯಾಂಕ್ಸ್ ಅಂತ ಒಂದೇ ಒಂದು ಪದ ಬರೀರಿ, ಸಾಕು ಎಂದಿದ್ದಳು. ಅದನ್ನೂ ಬರೆದು ನೋಡಿದ. ಬಸ್ಸಿನಲ್ಲಿ ಸ್ವಲ್ಪ ಒತ್ತಿ ಕೂತು ಜಾಗ ಬಿಟ್ಟವರಿಗೆ ಹೇಳುವ ಪದ ಅದು. ಹಾಳೆ ಹರಿದು ಹಾಕಿದ.

ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆ ಇದ್ದದ್ದು ಮಾತಿನದಲ್ಲ. ಬರೆದರೆ ಅದನ್ನು ಓದುವವರು ಒಬ್ಬರು ಇರುತ್ತಾರೆ. ಬರೆಯದಿರುವ ತನಕ ಯಾರೂ ಇಲ್ಲ. ಎಲ್ಲೋ ಉಗ್ರಾಣದಲ್ಲಿದ್ದ ಒಂದು ಬಿಡಿಭಾಗವನ್ನು ತಂದು ತನಗೆ ಜೋಡಿಸಿದ್ದಾರೆ ಎಂದುಕೊಂಡು ದಿನ ಕಳೆಯಬಹುದು. ಕಚೇರಿಯಲ್ಲಿ ಪಕ್ಕದ ಮೇಜಿನವನು ಹೇಳುತ್ತಿದ್ದದ್ದೂ ಅದನ್ನೇ. ಮೂವತ್ತು ವರ್ಷದಿಂದ ಠಸ್ಸೆ ಒತ್ತುವ ಅವನನ್ನು ಎಲ್ಲರೂ ಕರೆಯುವುದೇ ಠಸ್ಸೆ ಎಂದು. ಆಪರೇಷನ್ ಮುಗಿಸಿ ಇವನು ಕೆಲಸಕ್ಕೆ ಮರಳಿದ ಮೊದಲ ದಿನವೇ ಠಸ್ಸೆ ಎಲ್ಲರಿಗೂ ಕೇಳುವಂತೆ, ಎಂಜಿನ್ ಬದಲಾಯಿಸಿದರೆ ಆರ್‌ಸಿ ಪುಸ್ತಕದಲ್ಲಿ ನಮೂದಾಗಬೇಕು, ಇವರದ್ದು ಆಗಿದೆಯಾ ಕೇಳ್ರಪ್ಪ, ಎಂದಿದ್ದ. ಎಲ್ಲರೂ ನಕ್ಕರು. ಅವನೂ ನಕ್ಕ, ನಕ್ಕದ್ದಕ್ಕೆ ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು. ಅಂದಿನಿಂದ ಬೆನ್ನ ಹಿಂದೆ ಅವನ ಹೆಸರು ಸೆಕೆಂಡ್ ಹ್ಯಾಂಡ್ ಎಂದಾಗಿದೆ ಎನ್ನುವುದೂ ಅವನಿಗೆ ಗೊತ್ತು. ಮೊದಲು ಅವನದು ಮೈದಾನದ ಕೆಲಸ. ನೆಲದ ಮೇಲೆ ಸುಣ್ಣದಲ್ಲಿ ಬರೆದ ದೊಡ್ಡ ಎಂಟರ ಮೇಲೆ ಕಾಲೂರದೆ ಗಾಡಿ ಸುತ್ತಿಸಿಕೊಂಡು ಬಂದವರಿಗೆ ಪಾಸು, ಊರಿದವರಿಗೆ ಫೇಲು. ಈಗ ಧೂಳು ಕೂಡದು, ಜನ ಮೈಮೇಲೆ ಬೀಳಕೂಡದು ಎಂದು ಡಾಕ್ಟರು ಬರೆದುಕೊಟ್ಟದ್ದರಿಂದ ಮೂರನೆಯ ಕಿಟಕಿಯ ಗಾಜಿನ ಹಿಂದೆ, ಬಾಯಿ ಮೂಗಿಗೆ ಮಾಸ್ಕು ಕಟ್ಟಿಕೊಂಡು ಕೂರುತ್ತಾನೆ. ಗಾಡಿಗಳನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಮಾಡುವುದು ಅವನ ಕೆಲಸ.

ಕೆಲಸದ ನಡುವೆ ಎರಡು ಗಂಟೆಗೊಮ್ಮೆ ಎದ್ದು ಹಿಂದಿನ ಓಣಿಯ ಮೂತ್ರಿಖಾನೆಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತಾಗುತ್ತದೆ. ಹೊರಗೆ ನಿಂತವರು ಕೆಮ್ಮುತ್ತಾರೆ, ಬಾಗಿಲು ತಟ್ಟುತ್ತಾರೆ. ಮೂರು ವರ್ಷ ಅವನ ಮೈಯಿಂದ ಒಂದು ಹನಿ ನೀರು ತಾನಾಗಿ ಹೊರಗೆ ಬಂದಿರಲಿಲ್ಲ. ವಾರಕ್ಕೆ ಮೂರು ದಿನ ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ರಕ್ತವನ್ನು ಯಂತ್ರಕ್ಕೆ ಕೊಟ್ಟು ತೊಳೆಸಿಕೊಂಡು, ಒಣಗಿದ ನಾಲಿಗೆಗೆ ಒಂದು ಗುಟುಕು ನೀರನ್ನೂ ಅಳೆದು ಕುಡಿದು ಮಲಗುತ್ತಿದ್ದ. ಆಪರೇಷನ್ ಆದ ಮರುದಿನ ಬೆಳಿಗ್ಗೆ ಮಂಚಕ್ಕೆ ನೇತುಹಾಕಿದ ಚೀಲಕ್ಕೆ ಹಳದಿ ನೀರು ತೊಟ್ಟಿಕ್ಕುತ್ತಿದ್ದುದನ್ನು ಹೆಂಡತಿ ನಿಂತಲ್ಲೇ ನಿಂತು ನೋಡುತ್ತಿದ್ದಳು. ಡಾಕ್ಟರಿಗೆ ಕೈ ಮುಗಿಯುವುದು ಬಿಟ್ಟು ಆ ಚೀಲಕ್ಕೇ ಕೈ ಮುಗಿದುಬಿಟ್ಟಳು. ಈಗಲೂ ಪ್ರತಿ ಸಲ ಅವನಿಗೆ ಅದೇ ಬೆರಗು, ಅದೇ ಹಾಯೆನ್ನುವ ಸುಖ. ಇದನ್ನು ಬರೆಯಬೇಕೇನು? ಮನೆಯ ಮನುಷ್ಯನನ್ನು ಕಳೆದುಕೊಂಡ ಯಾರಿಗೋ, ‘ಮಾನ್ಯರೇ, ನಾನೀಗ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದೇನೆ’ ಎಂದು?

ಇದರ ಜೊತೆಗೆ ಅವನು ಯಾರಿಗೂ ಹೇಳದ ಇನ್ನೊಂದು ಸಂಗತಿ ಇತ್ತು. ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದ ಒಂದು ಮಧ್ಯಾಹ್ನ, ತನ್ನ ಸರದಿ ಯಾವಾಗ ಬಂದೀತು ಎಂದು ಕೇಳಿದ್ದಕ್ಕೆ ಅಲ್ಲಿನ ನರ್ಸು, ಹೇಳೋಕಾಗಲ್ಲ ಸರ್, ಹೆಚ್ಚಾಗಿ ಟೂ ವೀಲರ್ ಕೇಸುಗಳಿಂದಲೇ ಬರೋದು, ಎಂದಿದ್ದಳು. ಮರುದಿನ ಮೈದಾನದಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಸಾಲಾಗಿ ನಿಂತವರನ್ನು ನೋಡುತ್ತಿದ್ದಾಗ ಒಬ್ಬನ ಮುಂದಿನ ಚಕ್ರ ಗಡಗಡ ಅಲುಗಿತು. ‘ಇವರಲ್ಲಿ ಯಾರೋ ಒಬ್ಬರು’ ಎನ್ನುವ ಮಾತು ಅವನ ತಲೆಯೊಳಗೆ ಬಂದು ಹೋಯಿತು. ಅವನು ಕರೆಯದೆ ಬಂದ ಮಾತು. ಹಿಂದಿನ ಶೆಡ್ಡಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿದ. ನುಂಗುವಷ್ಟು ನೀರಿಗೆ ಅನುಮತಿ ಇರಲಿಲ್ಲ. ಬಂದವನು ಆ ಅಲುಗುವ ಚಕ್ರದವನನ್ನು ಫೇಲು ಮಾಡಿದ. ಆ ದಿನವೆಲ್ಲ ಕಂಡಕಂಡವರನ್ನು ಫೇಲು ಮಾಡಿದ.

ಇವತ್ತು ಕಿಟಕಿ ಮುಚ್ಚಲು ಇನ್ನು ಐದು ನಿಮಿಷವಿದ್ದಾಗ ಸಾಲಿನಲ್ಲಿ ಉಳಿದಿದ್ದವಳು ಒಬ್ಬಳೇ ಹೆಂಗಸು. ನಲವತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಉಗುರಿನ ಸಂದಿಯಲ್ಲೆಲ್ಲ ಬಿಳಿ ಪುಡಿ ಕೂತಿತ್ತು. ಅವನು ಅದನ್ನು ನೋಡುತ್ತಿರುವುದನ್ನು ಕಂಡು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜೋ ಕೆಲಸ ಸರ್, ತೊಳೆದರೂ ಹೋಗಲ್ಲ, ಎಂದು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಗಂಡ ತೀರಿಹೋಗಿದ್ದಾರೆ, ಅವರ ಸ್ಕೂಟರು ತನ್ನ ಹೆಸರಿಗೆ ಆಗಬೇಕು. ಇಂಥ ಅರ್ಜಿ ವಾರಕ್ಕೆ ನಾಲ್ಕು ಬರುತ್ತವೆ. ಮರಣ ಪ್ರಮಾಣಪತ್ರ, ವಿಮೆ, ಆರ್‌ಸಿ ಎಂದು ಬೆರಳು ಮಡಚಿದ. ಠಸ್ಸೆ ಆಗಲೇ ಡಬ್ಬಿ ತೆಗೆದುಕೊಂಡು ಊಟಕ್ಕೆ ಎದ್ದಿದ್ದ. ನಾಳೆ ಬರೋಕೆ ಹೇಳಿ ಸಾರ್, ಎಂದು ಕಣ್ಣಿನಲ್ಲೇ ಸನ್ನೆ ಮಾಡಿ ಹೋದ. ಅವನಿಗೂ ಹಾಗೆ ಹೇಳಬೇಕೆನ್ನಿಸಿತ್ತು. ಆದರೆ ಬೆಳಗಿನ ಸಿಸ್ಟರ್ ಫೋನಿನಿಂದ ಮನಸ್ಸು ಕಹಿಯಾಗಿ, ಯಾರಿಗಾದರೂ ಒಂದು ಒಳ್ಳೆಯದು ಮಾಡಿ ಆ ಕಹಿ ಕಳೆದುಕೊಳ್ಳೋಣ ಎನ್ನುವ ಆಸೆಯೂ ಇತ್ತು. ಕಿಟಕಿ ಮುಚ್ಚಿ, ಪಕ್ಕದ ಬಾಗಿಲಿನಿಂದ ಅವಳನ್ನು ಒಳಗೆ ಕರೆದು ಎದುರಿನ ಕುರ್ಚಿ ತೋರಿಸಿದ.

ಅವಳು ಚೀಲವನ್ನು ಮೇಜಿನ ಮೇಲೆ ಸುರಿದಂತೆ ಇಟ್ಟಳು. ಬೇಕಾದದ್ದು, ಬೇಡದ್ದು ಎಲ್ಲ ಇತ್ತು. ಅವನು ಅಭ್ಯಾಸದಂತೆ ದಿನಾಂಕಗಳನ್ನು ತಾಳೆ ನೋಡತೊಡಗಿದ. ವಿಮೆಯವರ ಕಾಗದದಲ್ಲಿ ಅಪಘಾತ ಹನ್ನೆರಡನೇ ತಾರೀಕು. ಮರಣ ಪತ್ರದಲ್ಲಿ ಹದಿನಾಲ್ಕು. ಹದಿನಾಲ್ಕನೇ ತಾರೀಕು ಸಂಜೆ ಅವನ ಮನೆಯ ಫೋನು ರಿಂಗಾಗಿತ್ತು. ಏನೂ ತಿನ್ನಬೇಡಿ, ಹೊರಟು ಬನ್ನಿ, ಎಂದಿದ್ದರು. ಹೆಂಡತಿ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅವನ ಚಪ್ಪಲಿ ಮೆಟ್ಟಿಕೊಂಡು ಬಂದದ್ದು ಆಸ್ಪತ್ರೆಯ ಬೆಳಕಿನಲ್ಲಿ ಗೊತ್ತಾಯಿತು. ಅದೇ ತಿಂಗಳು. ಅದೇ ವರ್ಷ. ಪತ್ರದ ಕೆಳಗೆ ಅದೇ ಆಸ್ಪತ್ರೆಯ ಗುಂಡು ಮೊಹರು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ಜನ ಸಾಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಮತ್ತೊಮ್ಮೆ ಓದಿದ. ಎರಡು ತಾರೀಕು ಯಾಕೆ ಎಂದು ಕೇಳಿದ. ಕೇಳಬಾರದಿತ್ತು, ಅಪಘಾತದ ತಾರೀಕು ಅವನ ಫಾರಮ್ಮಿಗೆ ಬೇಕೇ ಇರಲಿಲ್ಲ.

ಹನ್ನೆರಡಕ್ಕೆ ಬಿದ್ದದ್ದು, ಎರಡು ದಿನ ಉಸಿರಾಟದ ಯಂತ್ರ ಹಾಕಿದ್ದರು, ಹದಿನಾಲ್ಕಕ್ಕೆ ಮೆದುಳು ಪೂರ್ತಿ ನಿಂತಿದೆ ಎಂದರು. ಅವಳು ಇದನ್ನು ಎಷ್ಟೋ ಕಿಟಕಿಗಳಲ್ಲಿ ಹೇಳಿ ಹೇಳಿ ಸವೆದುಹೋದ ದನಿಯಲ್ಲಿ ಹೇಳಿದಳು. ಆಮೇಲೆ ಒಬ್ಬ ಸಿಸ್ಟರ್ ಬಂದು ಪಕ್ಕದಲ್ಲಿ ಕೂತು, ನೀರು ಕೊಟ್ಟು, ಕೇಳಿದಳಂತೆ. ಭಾವ ಬೇಡವೆಂದ, ಅತ್ತೆ ಎದೆ ಬಡಿದುಕೊಂಡರು. ಇವಳೊಬ್ಬಳೇ ಹೂಂ ಎಂದು ರುಜು ಹಾಕಿದಳು. ಕಣ್ಣು, ಲಿವರು, ಎರಡು ಕಿಡ್ನಿ. ಒಂದು ಕಿಡ್ನಿಯನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಬೇರೆ ಊರಿಗೆ ಕಳಿಸಿದರು. ಇನ್ನೊಂದನ್ನು ಅಲ್ಲೇ, ಅದೇ ಆಸ್ಪತ್ರೆಯಲ್ಲಿ ಕಾಯುತ್ತಿದ್ದ ಯಾರಿಗೋ ಕೊಟ್ಟರು. ಆ ರಾತ್ರಿ ಅಲ್ಲಿ ಕಿಡ್ನಿ ಹಾಕಿಸಿಕೊಂಡವನು ಅವನೊಬ್ಬನೇ. ಇವತ್ತು ನಿಮ್ಮೊಬ್ಬರದೇ ಕೇಸು ಎಂದು ಅರಿವಳಿಕೆ ಕೊಡುವ ಡಾಕ್ಟರು ಬೆನ್ನು ತಟ್ಟಿ ಹೇಳಿದ್ದು ಅವನಿಗೆ ಈಗ ಕಿವಿಯಲ್ಲೇ ಹೇಳಿದಂತೆ ಕೇಳಿಸಿತು. ಮೇಜಿನ ಅಂಚನ್ನು ಹಿಡಿದುಕೊಂಡ. ಆ ಬಿಡಿಭಾಗ ಬಂದದ್ದು ಉಗ್ರಾಣದಿಂದಲ್ಲ, ಎದುರಿಗಿದ್ದವಳ ಮನೆಯಿಂದ. ಅವಳ ಸೀರೆಯ ಅಂಚಿಗೆ ಪಿನ್ನು ಹಾಕಿತ್ತು, ಕಿವಿಯ ಪಕ್ಕದ ಎರಡು ಕೂದಲು ಬೆಳ್ಳಗಾಗಿದ್ದವು, ನೆಗಡಿಯಾಗಿತ್ತು. ಎದ್ದು ಅವಳ ಕಾಲು ಹಿಡಿಯಬೇಕು ಎನ್ನಿಸಿತು; ಅಷ್ಟೇ ಬಲವಾಗಿ, ಎದ್ದು ಹಿಂದಿನ ಬಾಗಿಲಿನಿಂದ ಓಡಿಹೋಗಬೇಕು ಎಂದೂ ಅನ್ನಿಸಿತು. ಏನೂ ಮಾಡಲಿಲ್ಲ. ಮಾಸ್ಕು ಇದ್ದದ್ದು ಒಳ್ಳೆಯದಾಯಿತು. ಎದುರಿಗಿದ್ದ ಕಾಗದಗಳನ್ನು ಅಂಚು ಸೇರಿಸಿ ಜೋಡಿಸತೊಡಗಿದ, ಅಷ್ಟರಲ್ಲಿ ಅವುಗಳ ನಡುವಿನಿಂದ ಮಡಿಕೆ ಸವೆದ ಒಂದು ಅರ್ಧ ಹಾಳೆ ಜಾರಿತು.

ಅದು ಡ್ರೈವಿಂಗ್ ಪರೀಕ್ಷೆಯ ಹಾಳೆ. ಪಾಸಾದವರು ಅದನ್ನು ಒಳಗೆ ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳುತ್ತಾರೆ. ಅರ್ಧ ಭಾಗ ಅವರ ಬಳಿಯೇ ಉಳಿಯುತ್ತದೆ, ಗೇಟು ದಾಟುವ ಮೊದಲೇ ಬಿಸಾಡುತ್ತಾರೆ. ಷರಾ ಎನ್ನುವ ಕಡೆ ಪೆನ್ನಿನಲ್ಲಿ ಒಂದು ಅಂಕಿ ಇತ್ತು: ೮. ಪಕ್ಕದಲ್ಲಿ ಅವನ ಸಹಿ. ತನ್ನ ಅಕ್ಷರವನ್ನು ತಾನು ನೋಡಿ ಇಷ್ಟು ಹೆದರಿದ್ದು ಅವನಿಗೆ ನೆನಪಿಲ್ಲ.

“ಇದು ಬೇಕಾಗಲ್ಲ ಅಂತ ಗೊತ್ತು ಸರ್,” ಎಂದು ಅವಳು ಆ ಹಾಳೆಯನ್ನು ಬೆರಳಿನಿಂದ ತನ್ನ ಕಡೆ ಎಳೆದುಕೊಂಡಳು. “ಇವರ ಪರ್ಸಿನಲ್ಲೇ ಇತ್ತು. ಬೇರೆ ಮಾಡೋಕೆ ಮನಸ್ಸು ಬರಲಿಲ್ಲ. ಅದೂ ಎಂಟೇ ಅಂತ ಒಂದು ಕಥೆ ಇದೆ ಇದಕ್ಕೆ.”

ಕಥೆ ಅವನಿಗೆ ಗೊತ್ತಿತ್ತು. ಹದಿನೆಂಟು ತಿಂಗಳ ಹಿಂದಿನ ಒಂದು ಶುಕ್ರವಾರ. ಶುಕ್ರವಾರ ಎಂದರೆ ಎರಡು ಗಂಟೆಗೆ ಯಂತ್ರದ ಮುಂದೆ ಇರಬೇಕು. ಗಂಟೆ ಒಂದಾಗಿತ್ತು, ಇನ್ನೂ ಹನ್ನೊಂದು ಜನ ಬಾಕಿ. ಕಾಲು ಊದಿ ಶೂಗಳ ಲೇಸು ಬಿಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಆಗ ಬಂದವನು ನಲವತ್ತು ದಾಟಿದ ಒಬ್ಬ ದಪ್ಪ ಮನುಷ್ಯ, ಜೇಬಿನಲ್ಲಿ ಸ್ಕ್ರೂಡ್ರೈವರು. ಎಂಟರ ಮೊದಲ ತಿರುವಿನಲ್ಲೇ ಕಾಲೂರಿದ. ಫೇಲು ಎನ್ನುವಷ್ಟರಲ್ಲಿ ಅವನು ಹತ್ತಿರ ಬಂದು, ಸರ್, ನಾನು ಲಿಫ್ಟ್ ರಿಪೇರಿಯವನು, ಮೇಲೆ ಕೆಳಗೆ ಹೋಗಿ ಅಭ್ಯಾಸ, ಈ ಎಡಕ್ಕೆ ಬಲಕ್ಕೆ ಹೋಗೋದು ಹೊಸದು, ಇನ್ನೊಂದು ಚಾನ್ಸ್ ಕೊಡಿ, ಎಂದ. ಇನ್ಸ್‌ಪೆಕ್ಟರಿಗೆ ತಿಂಗಳುಗಟ್ಟಲೆ ಆದಮೇಲೆ ನಗು ಬಂತು. ಕೊಟ್ಟ. ಎರಡನೆಯ ಸಲ ಅವನು ಕಾಲೂರಲಿಲ್ಲ, ಆದರೆ ಕೊನೆಯ ಸುತ್ತನ್ನು ಮುಚ್ಚದೆ ಅರ್ಧಕ್ಕೇ ಬಿಟ್ಟು, ಸೀದಾ ಬಲಕ್ಕೆ ತಿರುಗಿ ಗೆರೆಯಿಂದ ಹೊರಗೆ ಹೋದ. ಹೋಗುವಾಗ ಕತ್ತು ತಿರುಗಿಸಿ ಹಿಂದೆ ನೋಡಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಕಂಡ. ಎಂಟನ್ನು ಮುಚ್ಚದಿರುವುದು ಸಣ್ಣ ತಪ್ಪು. ಹಿಂದೆ ನೋಡದೆ ಬಲಕ್ಕೆ ತಿರುಗುವುದು ಫೇಲು ಮಾಡಲೇಬೇಕಾದ ತಪ್ಪು. ಆದರೆ ಗಡಿಯಾರ ಕಾಣುತ್ತಿತ್ತು, ಕಾಲು ಸಿಡಿಯುತ್ತಿತ್ತು, ಬಾಯಿಗೆ ಬಂದದ್ದು ಒಂದು ಜೋಕು: ನೀವು ಹಾಕಿದ್ದು ಕನ್ನಡದ ಎಂಟು ಕಣ್ರೀ, ಬಾಯಿ ತೆರೆದಿರೋದು, ಹೋಗಲಿ, ಅದೂ ಎಂಟೇ. ಷರಾ ಕಡೆ ೮ ಎಂದು ಬರೆದು ಸಹಿ ಹಾಕಿದ. ಲಿಫ್ಟಿನವನು ಮೈದಾನ ಹಾರಿಹೋಗುವಂತೆ ನಕ್ಕು ಎರಡು ಕೈಯಲ್ಲೂ ಕೈ ಕುಲುಕಿದ. ಆ ಸಾಲಿನಲ್ಲಿ ಅವತ್ತು ತನ್ನ ತಲೆಯಲ್ಲಿ ‘ಇವರಲ್ಲಿ ಯಾರೋ ಒಬ್ಬರು’ ಎನ್ನುವ ಆ ಮಾತು ಬಂದಿತ್ತೋ ಇಲ್ಲವೋ ಎಂದು ಅವನು ಈಗ ನೆನಪಿನ ಮೂಲೆಮೂಲೆ ತಡಕಾಡಿದ. ಬಂದಿರಲಿಲ್ಲ. ಬಂದಿರಲಿಲ್ಲ ಎಂದೇ ಅನ್ನಿಸಿತು. ಖಚಿತವಾಗಿ ಹೇಳುವವರು ಯಾರೂ ಇರಲಿಲ್ಲ.

ಅವಳು ಹೇಳುತ್ತಲೇ ಇದ್ದಳು. ಆ ಮಾತು ಮನೆಯ ಗಾದೆಯಾಗಿಬಿಟ್ಟಿತ್ತಂತೆ. ಅವಳು ಹೊಲಿದ ದಿಂಬಿನ ಚೀಲ ಸೊಟ್ಟಗಾದರೆ ಅದೂ ಎಂಟೇ. ಮಗಳು ಪರೀಕ್ಷೆಯಲ್ಲಿ ಕಡಿಮೆ ನಂಬರು ತಂದು ಬಾಗಿಲ ಹಿಂದೆ ನಿಂತರೆ, ಬಾರೇ, ಅದೂ ಎಂಟೇ. ಮೊದಲು ಸಿಡುಕನಾಗಿದ್ದ ಮನುಷ್ಯ, ಎಲ್ಲವೂ ಅಳತೆಗೆ ಸರಿಯಾಗಿರಬೇಕು ಎನ್ನುವವನು. ಲೈಸೆನ್ಸ್ ಸಿಕ್ಕ ಮೇಲಿನ ನಾಲ್ಕು ತಿಂಗಳು ಬೇರೆಯೇ ಆಗಿದ್ದ ಎಂದಳು. ಯಾರೋ ಒಬ್ಬ ಒಳ್ಳೆಯ ಸರ್ ಅಂತೆ, ಅವರಿಗೇ ಮೈ ಹುಷಾರಿರಲಿಲ್ಲವಂತೆ, ಆದರೂ ಎರಡನೇ ಸಲ ಅವಕಾಶ ಕೊಟ್ಟರಂತೆ. ಒಂದು ದಿನ ಹೋಗಿ ಅವರಿಗೆ ಥ್ಯಾಂಕ್ಸ್ ಹೇಳಿ ಬರೋಣ ಎಂದು ಗಂಡ ಹೇಳುತ್ತಿದ್ದನಂತೆ. ಆ ಸರ್ ಇನ್ನೂ ಇಲ್ಲೇ ಇದ್ದಾರೆಯೇ? ಇದ್ದರೆ ಇವತ್ತು ಹೇಗೂ ಬಂದಿದ್ದೇನೆ, ಒಂದು ಮಾತು ಹೇಳಿಯೇ ಹೋಗುತ್ತೇನೆ, ಎಂದಳು.

 ಹದಿನಾಲ್ಕು ತಿಂಗಳಿಂದ ತಾನು ಹುಡುಕುತ್ತಿದ್ದ ಮಾತನ್ನು ಅವಳು ಚೀಲದಲ್ಲಿಟ್ಟುಕೊಂಡು ತನಗೇ ಕೊಡಲು ಬಂದಿದ್ದಾಳೆ. ಎಲ್ಲಿ ಆದದ್ದು ಆಕ್ಸಿಡೆಂಟು ಎಂದು ಕೇಳಿದ. ತನ್ನ ದನಿ ತನಗೇ ಬೇರೆಯಾಗಿ ಕೇಳಿತು. ಅವಳ ಅಂಗಡಿಯ ಎದುರಿಗೇ, ಬಲಕ್ಕೆ ತಿರುಗುವಾಗ, ಹಿಂದಿನಿಂದ ಲಾರಿ. ಅಷ್ಟೇ ಸಾಕಾಗಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವನೊಬ್ಬ ಎಂದೂ ಇಲ್ಲ. ಮಾಡಿದವನೂ ಅವನೇ, ತೇಗಿದವನೂ ಅವನೇ, ಸತ್ತವನು ಮಾತ್ರ ಬೇರೆ. ಯಂತ್ರದ ಬಳಿ ಓಡುವ ಅವಸರದಲ್ಲಿ ಸಹಿ ಹಾಕಿದ. ಆ ಸಹಿಯೇ ತನ್ನನ್ನು ಯಂತ್ರದಿಂದ ಬಿಡಿಸಿತು. ಇದನ್ನು ಹೇಳದೆ ಫಾರಂ ತುಂಬಿ ಕಳಿಸಿಬಿಡಬಹುದು. ಹತ್ತು ನಿಮಿಷದ ಕೆಲಸ. ಆ ಸರ್ ವರ್ಗವಾಗಿ ಹೋದರು ಎಂದರೆ ಮುಗಿಯಿತು. ಅವಳು ಕೈಮುಗಿದು ಹೋಗುತ್ತಾಳೆ, ಜನ್ಮದಲ್ಲಿ ಮತ್ತೆ ಬರುವುದಿಲ್ಲ. ಹಾಗೆ ಹೇಳಲು ಬಾಯಿ ತೆರೆದೂ ತೆರೆದ. ಅವಳು ನೆಗಡಿಯ ಮೂಗನ್ನು ಸೆರಗಿನಿಂದ ಒರೆಸಿಕೊಂಡು, ಉತ್ತರಕ್ಕಾಗಿ ಅವನ ಮುಖವನ್ನೇ ನೋಡುತ್ತಿದ್ದಳು.

ಅವನು ಮಾಸ್ಕು ತೆಗೆದು ಮೇಜಿನ ಮೇಲಿಟ್ಟ. “ಆ ಸರ್ ನಾನೇ ಅಮ್ಮಾ,” ಎಂದ. “ಥ್ಯಾಂಕ್ಸ್ ಹೇಳಬೇಡಿ. ಅವರು ತಿರುಗೋವಾಗ ಹಿಂದೆ ನೋಡಲಿಲ್ಲ. ನಾನು ಕಂಡೆ. ಕಂಡೂ ಪಾಸು ಮಾಡಿದೆ.”

ಅವಳು ಬೈಯುತ್ತಾಳೆ, ಎದ್ದು ಕೂಗಾಡುತ್ತಾಳೆ ಎಂದುಕೊಂಡಿದ್ದ. ಆ ಬೈಗಳು ಅವನಿಗೆ ಬೇಕಾಗಿಯೂ ಇತ್ತು. ಅವಳು ಅರ್ಧ ಹಾಳೆಯನ್ನು ಮಡಿಕೆಯ ಗೆರೆಗೆ ಸರಿಯಾಗಿ ಮಡಚಿದಳು, ಬಿಚ್ಚಿದಳು. ಹೊರಗೆ ಮೈದಾನದಲ್ಲಿ ಯಾರೋ ಗಾಡಿಯನ್ನು ಒದ್ದು ಒದ್ದು ಚಾಲೂ ಮಾಡಲು ನೋಡುತ್ತಿದ್ದರು. ಅವನು ಆ ಸದ್ದಿಗೆ ಕಿವಿ ಕೊಟ್ಟು ಕೂತ. ಗಾಡಿ ಚಾಲೂ ಆಗಲಿಲ್ಲ.

“ಅವರು ಯಾವತ್ತೂ ಹಿಂದೆ ನೋಡ್ತಿರಲಿಲ್ಲ ಸರ್,” ಎಂದಳು ಆಮೇಲೆ. “ಲಿಫ್ಟಿನ ಗುಂಡಿಯಲ್ಲಿ ನಿಂತು ಮೇಲೆ ನೋಡಿ ನೋಡಿ ಕತ್ತು ಹಿಡಕೊಂಡಿತ್ತು, ತಿರುಗ್ತಾನೇ ಇರಲಿಲ್ಲ. ನಾನು ಹಿಂದೆ ಕೂತು ನೋಡ್ತಿದ್ದೆ. ದಾರಿ ಖಾಲಿ ಇದ್ದರೆ ಬೆನ್ನು ತಟ್ಟೋದು, ಅವರು ತಿರುಗಿಸೋದು. ಅವತ್ತು ನಾನು ಕೂತಿರಲಿಲ್ಲ.”

ಹಿಂದಿನ ದಿನ ಲಿಫ್ಟಿನ ಕಂಪನಿಯ ಗೆಳೆಯನೊಬ್ಬ ಇದನ್ನು ಕಂಡು, ಗಾಡಿ ನಿಂದು, ಡ್ರೈವರು ನಿನ್ನ ಹೆಂಡತಿ, ಎಂದು ಎಲ್ಲರೆದುರು ತಮಾಷೆ ಮಾಡಿದನಂತೆ. ಬೆಳಿಗ್ಗೆ ಎದ್ದವನು ಅವಳಿಗೆ, ನೀನು ಬಸ್ಸಲ್ಲಿ ಹೋಗು ಎಂದ. ಅವಳಿಗೂ ಕೋಪ ನೆತ್ತಿಗೇರಿತು. ಊಟದ ಡಬ್ಬಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದಳು. ಮಧ್ಯಾಹ್ನ ಅವನು ಆ ಡಬ್ಬಿ ಕೊಡಲು ಅಂಗಡಿಯ ಹತ್ತಿರ ಬಂದ. ಅವಳು ಒಳಗೆ ಗಾಜು ಉಜ್ಜುತ್ತಾ, ಗಾಡಿಯ ಸದ್ದು ಗುರುತಿಸಿ, ಸ್ವಲ್ಪ ಹೊತ್ತು ಕಾಯಲಿ ಎಂದು ತಲೆ ಎತ್ತದೆ ಕೂತಿದ್ದಳು. ಇದನ್ನು ಅತ್ತೆಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ. ನೀವು ನಿಮ್ಮದು ಹೇಳಿದಿರಲ್ಲ, ಅದಕ್ಕೆ ಹೇಳಿದೆ, ಎಂದಳು.  ಅಪರಾಧವನ್ನು ಹಂಚಿಕೊಂಡರೆ ಅರ್ಧವಾಗುತ್ತದೆ ಎಂದು ಯಾರು ಹೇಳಿದರೋ. ಇಬ್ಬರ ಮುಂದೂ ಒಂದೊಂದು ಇಡಿಯಾಗಿಯೇ ಉಳಿಯಿತು. ಆದರೂ ಅವನಿಗೆ ಉಸಿರು ಸ್ವಲ್ಪ ಸಲೀಸಾಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು. ಫಾರಂ ಎಳೆದುಕೊಂಡು ಅವಳ ಹೆಸರು, ವಿಳಾಸ ಬರೆಯತೊಡಗಿದ. ಇನ್ನೊಂದು ವಿಷಯವನ್ನು ಹೇಳುವುದಿಲ್ಲ ಎಂದು ಬರೆಯುತ್ತಲೇ ತೀರ್ಮಾನಿಸಿದ. ಹೇಳಬಾರದೆಂದು ಆಸ್ಪತ್ರೆಯ ನಿಯಮವೇ ಇದೆ. ಅಲ್ಲದೆ, ನಿನ್ನ ಗಂಡನಿಗೆ ಹೀಗೆ ಮಾಡಿದವನು ನಾನು, ಅವನ ಕಿಡ್ನಿ ಇಟ್ಟುಕೊಂಡು ಬದುಕಿರುವವನೂ ನಾನೇ, ಎಂದು ಒಂದೇ ಮಧ್ಯಾಹ್ನ ಒಂದೇ ಹೆಂಗಸಿಗೆ ಹೇಗೆ ಹೇಳುವುದು? ರಾತ್ರಿ ಮನೆಗೆ ಹೋಗಿ ಪತ್ರ ಬರೆಯುತ್ತೇನೆ, ಇವತ್ತು ಬರೆದೇ ಬರೆಯುತ್ತೇನೆ ಎಂದುಕೊಂಡ. ಸಹಿ ಹಾಕಬೇಕಾದ ಜಾಗಗಳಿಗೆ ಗುರುತು ಮಾಡಿ ಫಾರಮ್ಮನ್ನು ಅವಳ ಕಡೆ ತಿರುಗಿಸಿದ.

ಅವಳು ಮೂರು ಕಡೆ ರುಜು ಹಾಕಿದಳು. ರುಜು ಹಾಕಿ ಪೆನ್ನನ್ನು ಕೊಡದೆ ಕೈಯಲ್ಲೇ ಇಟ್ಟುಕೊಂಡಳು.

“ಹಿಂಗೇ ಮೂರು ಕಡೆ ಹಾಕಿಸ್ಕೊಂಡ್ರು ಅವತ್ತೂನು,” ಎಂದಳು. “ಆ ಸಿಸ್ಟರ್ ಹೇಳಿದ್ರು, ತಗೊಂಡೋರು ಒಂದು ಪತ್ರ ಬರೀತಾರೆ ಅಂತ. ನಾನು ಕಾದೆ ಸರ್. ಮಗಳಿಗೂ ಹೇಳಿದ್ದೆ, ಅಪ್ಪಂದು ಪತ್ರ ಬರುತ್ತೆ ಅಂತ. ದೊಡ್ಡದೇನೂ ಬೇಡ, ಚೆನ್ನಾಗಿದೀವಿ ಅಂತ ಒಂದು ಸಾಲು. ಕಣ್ಣಿನೋರು ಬರೀಲಿಲ್ಲ, ಲಿವರಿನೋರು ಬರೀಲಿಲ್ಲ, ಯಾರೂ ಬರೀಲಿಲ್ಲ. ಅಲ್ಲೇ ಇದೇ ಆಸ್ಪತ್ರೇಲಿ ಹಾಕಿದ್ರಲ್ಲ, ಅದಾದ್ರೂ ಉಳ್ಕೊಳ್ಳುತ್ತೆ ಅಂದ್ಕೊಂಡಿದ್ದೆ. ಅದೂ ನಿಂತುಹೋಗಿದೆ ಸರ್. ಬದುಕಿದ್ರೆ ಬರೀದೆ ಇರ್ತಿದ್ರಾ? ನನಗೆ ಅವರು ಎರಡು ಸಲ ಹೋದ ಹಾಗಾಯ್ತು.”

ಅವನು ನಿಂತುಕೊಂಡ. ಯಾವಾಗ ಎದ್ದನೋ ಅವನಿಗೆ ಗೊತ್ತಾಗಲಿಲ್ಲ. ಮಾತು ಸಣ್ಣದಾಯಿತು, ಮಾತು ಸಾಲದು ಎಂದು ಹಾಳೆ ಹರಿಯುತ್ತಾ ಕೂತ ಅಷ್ಟೂ ತಿಂಗಳು ಇವಳು ಒಂದು ಸಾಲಿಗಾಗಿ ಬಾಗಿಲು ನೋಡುತ್ತಿದ್ದಳು. ಮೊದಲ ಸಲದ್ದಕ್ಕೆ ಲಾರಿ ಇತ್ತು, ಹಿಡಿದ ಕತ್ತಿತ್ತು, ಶುಕ್ರವಾರ ಇತ್ತು, ಬಿಟ್ಟುಬಂದ ಊಟದ ಡಬ್ಬಿ ಇತ್ತು. ಎರಡನೆಯ ಸಲದ್ದನ್ನು ಪೂರ್ತಿಯಾಗಿ ಅವನೊಬ್ಬನೇ ಮಾಡಿದ್ದ. ಏನಾದರೂ ಹೇಳಬೇಕು, ಈಗಲೇ ಹೇಳಬೇಕು. ಹಾಗೇನಿಲ್ಲ ಅಮ್ಮಾ, ಬದುಕಿದಾರೆ, ಬರೆಯೋಕೆ ಬರದೆ ಇರಬಹುದು, ಎಂದು ದೊಡ್ಡವರು ಹೇಳುವಂತೆ ಹೇಗಾದರೂ ಒಂದು ಸಮಾಧಾನ ಹೇಳಿ ಕಳಿಸೋಣವೆಂದು ಹೊರಟ. ಬದುಕಿದಾರೆ ಎಂದೇ ಶುರು ಮಾಡಿದ. ನಾಲಿಗೆ ಅರ್ಧ ದಾರಿಯಲ್ಲಿ ತಿರುಗಿಕೊಂಡಿತು.

“ಬದುಕಿದೀನಿ,” ಎಂದ.

ಅವಳಿಗೆ ಮೊದಲು ತಿಳಿಯಲಿಲ್ಲ. ಕೇಳಿಸಲಿಲ್ಲ ಎನ್ನುವವಳಂತೆ ತಲೆಯನ್ನು ಸ್ವಲ್ಪ ವಾರೆ ಮಾಡಿದಳು. ಆಮೇಲೆ ಅವಳ ಕಣ್ಣು ಮೇಜಿನ ಮೇಲಿನ ಮಾಸ್ಕಿನ ಮೇಲೆ ಹೋಯಿತು, ಪಕ್ಕದಲ್ಲಿದ್ದ ಮಾತ್ರೆಯ ಡಬ್ಬಿಯ ಮೇಲೆ ಹೋಯಿತು, ಅವನ ಎಡಗೈಯಲ್ಲಿ ಮೂರು ವರ್ಷ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ನರದ ಮೇಲೆ ಹೋಗಿ ನಿಂತಿತು. ಪೆನ್ನು ಅವಳ ಕೈಯಿಂದ ಬಿತ್ತು, ಉರುಳಿ ನೆಲಕ್ಕೆ ಹೋಯಿತು. ಇಬ್ಬರೂ ಅದನ್ನು ಎತ್ತಲಿಲ್ಲ.

“ಹದಿನಾಲ್ಕು ತಿಂಗಳು,” ಎಂದಳು. ಅವಳ ದನಿಯಲ್ಲಿ ಕೋಪವಿತ್ತು, ಬೇರೆ ಏನೋ ಇತ್ತು, ಅವನಿಗೆ ಬಿಡಿಸಿ ತಿಳಿಯಲಿಲ್ಲ. ಅವನು ಹೂಂ ಎಂದ. ಕ್ಷಮಿಸಿ ಎನ್ನುವುದಾಗಲಿ, ಅಷ್ಟು ಕಾಲ ತಡಕಾಡಿದ ಆ ಇನ್ನೊಂದು ಪದವಾಗಲಿ ಬಾಯಿಗೆ ಬರಲಿಲ್ಲ. ಅವಳು ಕುರ್ಚಿಯ ಕೈ ಹಿಡಿದು ಎದ್ದಳು. ಹೋಗಿಬಿಡುತ್ತಾಳೆ ಎಂದುಕೊಂಡ. ಅವಳು ಮೇಜನ್ನು ಬಳಸಿ ಅವನ ಪಕ್ಕಕ್ಕೆ ಬಂದು ನಿಂತಳು.

“ಯಾವ ಕಡೆ?”

ಅವನು ಬಲಗಡೆ, ಕಿಬ್ಬೊಟ್ಟೆಯ ಮೇಲೆ, ಅಂಗಿಯ ಹೊರಗಿನಿಂದಲೇ ಅಂಗೈ ಇಟ್ಟು ತೋರಿಸಿದ. ಅವಳು ಬೆನ್ನಿನ ಕಡೆ ಎಂದುಕೊಂಡಿದ್ದಳೇನೋ. ಮುಂದೆನಾ, ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಅವನು ಕೈ ತೆಗೆದ. ಅವಳು ಮುಟ್ಟಲಿಲ್ಲ. ಪಿನ್ನು ಹಾಕಿದ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಸ್ವಲ್ಪ ಬಗ್ಗಿ, ಆ ಜಾಗವನ್ನೇ ನೋಡುತ್ತಾ ನಿಂತಳು. ಬಹಳ ಹೊತ್ತಾದಮೇಲೆ, ಮನೆಯೊಳಗಿನವರೊಡನೆ ಮಾತಾಡುವಷ್ಟು ಸಣ್ಣ ದನಿಯಲ್ಲಿ ಕೇಳಿದಳು:

“ನೀರು ಸಾಕಾಗ್ತಿದೆಯಾ?”

ಉತ್ತರ ಕೊಡಲು ಅವನು ಬಾಯಿ ತೆರೆದ. ಆದರೆ ಅವಳು ಕೇಳಿದ್ದು ಅವನನ್ನಲ್ಲ.